ಸರ್ಪಸುತ್ತು: ಹಾವಿಲ್ಲದ ಸುತ್ತು

ಸೊಂಟದ ಒಂದು ಪಕ್ಕದಲ್ಲಿ ಉರಿ. ಎರಡು ದಿನ ಕಳೆದರೆ ಅಲ್ಲಿಯೇ ಕೆಂಪು, ಅದರ ಮೇಲೆ ಸಾಲುಗಟ್ಟಿದ ನೀರುಗುಳ್ಳೆಗಳು. ನಮ್ಮ ನಾಡಿನಲ್ಲಿ ಇದಕ್ಕೆ ಸರ್ಪಸುತ್ತು ಎಂದು ಹೆಸರು. ಇಲ್ಲಿ ಚೆನ್ನೈಯಲ್ಲಿ ತಮಿಳರು ‘ಅಕ್ಕಿ’ ಎನ್ನುತ್ತಾರೆ. ನಾವು ಉಣ್ಣುವ ಅಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಹಾವಿನ ತಲೆಯೂ ಬಾಲವೂ ಕೂಡಿದರೆ ಪ್ರಾಣ ಹೋಗುವುದೆಂಬ ಭಯ ನಮ್ಮವರದು. ಕುಂಬಾರರಿಂದ ಕಾವಿಯಲ್ಲಿ ಬರೆಸುವ ವಾಡಿಕೆ ಇಲ್ಲಿಯವರದು. ನಮ್ಮ ವಾಚನಾಲಯಕ್ಕೆ ದಿನವೂ ಬರುವ ಹಿರಿಯರೊಬ್ಬರು ಕಾವಿ ಬರೆಸಿಕೊಂಡು ಐದು ದಿನ ಕಾದರು. ಗುಳ್ಳೆಗಳು ಒಣಗಿದುವು, ನೋವು ತಿಂಗಳುಗಟ್ಟಲೆ ಉಳಿಯಿತು. ಆ ಐದು ದಿನಗಳಲ್ಲಿ ದೇಹದೊಳಗೆ ಏನು ನಡೆಯಿತೆಂಬುದನ್ನು ವಾಚಕರಿಗೆ ತಿಳಿಸುವುದು ಒಳ್ಳೆಯದೆಂದು ನಮಗೆ ತೋರಿತು.

ಸರ್ಪಸುತ್ತು ಹೊರಗಿನಿಂದ ಹೊಸದಾಗಿ ಬರುವುದಲ್ಲ. ಹಿಂದೆಂದೋ ಸೀತಾಳೆ ಸಿಡುಬನ್ನು ತಂದ ವೈರಸ್ಸೇ, ಸಿಡುಬು ವಾಸಿಯಾದ ಮೇಲೂ ನರಗಂಟುಗಳಲ್ಲಿ ಅಡಗಿ ಕುಳಿತಿರುತ್ತದೆ. ವಯಸ್ಸಾಗಿ ದೇಹದ ಕಾವಲು ಸಡಿಲವಾದಾಗ ಅದು ಎಚ್ಚೆತ್ತು, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಆದಕಾರಣವೇ ಗುಳ್ಳೆಗಳು ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ನಿಲ್ಲುತ್ತವೆ. ತಲೆ-ಬಾಲ ಕೂಡಿ ಪ್ರಾಣ ಹೋಗುವುದೆಂಬುದು ಬರಿಯ ಭಯ.

ಹರ್ಪಿಸ್ ಕುಟುಂಬಕ್ಕೆ ಸೇರಿದ ಈ ವೈರಸ್ಸಿನಲ್ಲಿ ಸುಮಾರು 70 ಪ್ರೋಟೀನುಗಳನ್ನು ಕಟ್ಟುವ ಬರಹವಿದೆ. ಪ್ರೋಟೀನಿನ ಗುಣವೆಲ್ಲ ಅದರ ಆಕಾರದಲ್ಲಿದೆ. ಅದರ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂಬ ನಕ್ಷೆಯನ್ನು 1963ರಲ್ಲಿ ಲೋಕಕ್ಕೆ ಕೊಟ್ಟವರು ಇದೇ ಊರಿನ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ಆಕಾರಕ್ಕೆ ಆಕಾರ ಹೊಂದಿದರೆ ಪ್ರೋಟೀನುಗಳು ಒಂದನ್ನೊಂದು ಹಿಡಿಯುತ್ತವೆ. ವೈರಸ್ಸಿನ ಸಂಸಾರ ನಡೆಯುವುದು ಈ ಹಿಡಿತದಿಂದಲೇ.

ಒಂದು ಉದಾಹರಣೆ ನೋಡೋಣ. ವೈರಸ್ ಜೀವಕೋಶವನ್ನು ಹೊಕ್ಕಾಗ ಐಇ62 ಎಂಬ ಪ್ರೋಟೀನು ಜೊತೆಯಲ್ಲಿಯೇ ಬರುತ್ತದೆ. ಇದನ್ನು ಮೇಸ್ತ್ರಿ ಎನ್ನೋಣ. ಮೇಸ್ತ್ರಿಯು ಕೋಶಕೇಂದ್ರವನ್ನು ಸೇರಿ, ನಮ್ಮದೇ ಪ್ರೋಟೀನುಗಳ ಕೈಹಿಡಿದು, ವೈರಸ್ಸಿನ ಉಳಿದ ಪ್ರೋಟೀನುಗಳ ತಯಾರಿಕೆಯನ್ನು ಆರಂಭಿಸುತ್ತಾನೆ. ಕೆಲಸ ಸಾಕಷ್ಟು ಸಾಗಿದ ಮೇಲೆ ಓಆರ್‌ಎಫ್66 ಎಂಬ ಇನ್ನೊಂದು ಪ್ರೋಟೀನು ಅವನಿಗೆ ಫಾಸ್ಫೇಟಿನ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದ ಮೇಸ್ತ್ರಿ ಕೇಂದ್ರದ ಹೊರಗೆ ಉಳಿದು, ಹೊಸ ವೈರಸ್ ಕಣಗಳೊಳಗೆ ಸೇರಿ, ಮುಂದಿನ ಜೀವಕೋಶಕ್ಕೆ ಹೊರಡುತ್ತಾನೆ. ಜಿಇ, ಜಿಐ ಎಂಬ ಮತ್ತೆರಡು ಪ್ರೋಟೀನುಗಳು ಜೋಡಿಯಾಗಿ, ವೈರಸ್ ಒಂದು ಜೀವಕೋಶದಿಂದ ಪಕ್ಕದ್ದಕ್ಕೆ ದಾಟಲು ನೆರವಾಗುತ್ತವೆ.

ಇದನ್ನು ತಡೆಯುವ ಆಸೈಕ್ಲೊವಿರ್ ಎಂಬ ಔಷಧದ ಉಪಾಯ ಸೊಗಸಾದದ್ದು. ಅದು ನೇರವಾಗಿ ಕೆಲಸ ಮಾಡದು. ವೈರಸ್ಸಿನದೇ ಒಂದು ಪ್ರೋಟೀನು ಅದಕ್ಕೆ ಮೊದಲ ಫಾಸ್ಫೇಟನ್ನು ಸೇರಿಸಬೇಕು. ಉಳಿದೆರಡನ್ನು ನಮ್ಮ ಜೀವಕೋಶ ಸೇರಿಸುತ್ತದೆ. ಆಗ ಅದು ವೈರಸ್ಸಿನ ಡಿಎನ್‌ಎ ನಕಲಾಗುವುದನ್ನು ನಿಲ್ಲಿಸುತ್ತದೆ. ಅಡಗಿ ಮಲಗಿರುವ ವೈರಸ್ಸನ್ನು ಅದು ಮುಟ್ಟದು, ವೃದ್ಧಿಯಾಗುತ್ತಿರುವಾಗಲೇ ಹಿಡಿಯಬೇಕು. ಗುಳ್ಳೆ ಕಂಡ 72 ಗಂಟೆಗಳೊಳಗೆ ಔಷಧ ಆರಂಭಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿ. ಐದು ದಿನದ ಬೆಲೆ ಏನೆಂಬುದು ಈಗ ತಿಳಿಯಿತಷ್ಟೆ!

ಹಣೆಯ ಮೇಲೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯವುಂಟು. ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗತಕ್ಕದ್ದು. 50 ವರ್ಷ ದಾಟಿದವರಿಗೆ ಈಗ ಲಸಿಕೆಯೂ ಇದೆ. ಮೇಲೆ ಹೇಳಿದ ಜಿಇ ಪ್ರೋಟೀನಿನಿಂದಲೇ ಅದನ್ನು ತಯಾರಿಸಿದ್ದಾರೆ.

ಕಾವಿ ಬರೆಸುವವರನ್ನು ನಾವು ಹೀಯಾಳಿಸುವುದಿಲ್ಲ. ಆದರೆ ಮೊದಲು ವೈದ್ಯರ ಮನೆ, ಆಮೇಲೆ ಕುಂಬಾರರ ಮನೆ ಎಂಬುದು ನಮ್ಮ ಬಿನ್ನಹ.