ಇಂಧನ ಬಿಕ್ಕಟ್ಟು ಮತ್ತು ಪರ್ಯಾಯ ಶಕ್ತಿಮೂಲಗಳು

ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲಗಳನ್ನು ಪಳೆಯುಳಿಕೆ ಇಂಧನಗಳೆಂದು ಕರೆಯಲಾಗುತ್ತದೆ. ಇವು ಅಗ್ಗವಾಗಿ ದೊರೆಯುತ್ತಿರುವವರೆಗೆ ಸರ್ಕಾರಗಳಾಗಲಿ ಗ್ರಾಹಕರಾಗಲಿ ಗಾಳಿ, ಬಿಸಿಲುಗಳತ್ತ ಗಮನ ಹರಿಸುವುದು ವಿರಳ. ಪೂರೈಕೆ ತಪ್ಪಿದಾಗ ಅಥವಾ ಬೆಲೆ ಏಕಾಏಕಿ ಏರಿದಾಗ ಬದಲಾವಣೆಗೆ ವೇಗ ದೊರೆಯುತ್ತದೆ. ಆದರೆ ಆ ವೇಗ ತಾನಾಗಿಯೇ ಸರಿಯಾದ ದಿಕ್ಕಿನಲ್ಲಿರುತ್ತದೆಂದು ಭಾವಿಸಲಾಗದು. ಬಿಕ್ಕಟ್ಟಿನ ದಿನ ಯಾವ ಸಾಧನ ಕೈಗೆಟುಕುವಂತಿರುತ್ತದೆಯೋ ದೇಶವು ಅದನ್ನೇ ಹಿಡಿಯುತ್ತದೆ. ಅನೇಕ ವೇಳೆ ಅದು ಕಲ್ಲಿದ್ದಲೇ ಆಗಿರುತ್ತದೆ.

1973ರ ತೈಲ ಬಿಕ್ಕಟ್ಟು ಮತ್ತು ಡೆನ್ಮಾರ್ಕ್

1973ರ ಅಕ್ಟೋಬರ್‌ನಲ್ಲಿ, ಅರಬ್-ಇಸ್ರೇಲ್ ಯುದ್ಧದ ಸಂದರ್ಭದಲ್ಲಿ, ಅರಬ್ ತೈಲೋತ್ಪಾದಕ ರಾಷ್ಟ್ರಗಳು ಉತ್ಪಾದನೆಯನ್ನು ಕಡಿತಗೊಳಿಸಿದವು. ಬ್ಯಾರೆಲ್ ಒಂದಕ್ಕೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲದ ಬೆಲೆಯು 1974ರ ಜನವರಿಯ ವೇಳೆಗೆ 11 ಡಾಲರನ್ನು ಮೀರಿತು. ಆಗ ಡೆನ್ಮಾರ್ಕ್ ದೇಶವು ತನ್ನ ಶಕ್ತಿಯ ಅಗತ್ಯದ ಸುಮಾರು ಶೇ. 90ರಷ್ಟನ್ನು ತೈಲದಿಂದ ಪೂರೈಸಿಕೊಳ್ಳುತ್ತಿತ್ತು. ಅದರಲ್ಲಿ ಬಹುತೇಕ ಎಲ್ಲವೂ ಆಮದು. ಆ ಚಳಿಗಾಲದಲ್ಲಿ ಭಾನುವಾರಗಳಂದು ಖಾಸಗಿ ಮೋಟಾರು ವಾಹನಗಳ ಸಂಚಾರವನ್ನು ನಿಷೇಧಿಸಲಾಯಿತು. ಹೆದ್ದಾರಿಗಳ ಮೇಲೆ ಜನರು ಸೈಕಲ್ ತುಳಿದ ಛಾಯಾಚಿತ್ರಗಳನ್ನು ಇಂದಿಗೂ ನೆನೆಯಲಾಗುತ್ತದೆ.

ಆದರೆ ಡೆನ್ಮಾರ್ಕ್ ಮೊದಲು ತಿರುಗಿದ್ದು ಗಾಳಿಯತ್ತ ಅಲ್ಲ. ತೈಲದಿಂದ ನಡೆಯುತ್ತಿದ್ದ ವಿದ್ಯುತ್ ಸ್ಥಾವರಗಳನ್ನು ಕಲ್ಲಿದ್ದಲಿಗೆ ಪರಿವರ್ತಿಸಲಾಯಿತು. ಎಂಬತ್ತರ ದಶಕದ ಮಧ್ಯಭಾಗದಲ್ಲಿ ಆ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದಲೇ ಬರುತ್ತಿತ್ತು. ಪವನ ವಿದ್ಯುತ್ತಿನ ಹೆಸರಿನಲ್ಲಿ ಡೆನ್ಮಾರ್ಕನ್ನು ಹೊಗಳುವಾಗ ಈ ಅಂಶವನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ.

ಗಾಳಿಯ ವಿದ್ಯೆ ಅಲ್ಲಿ ಹೊಸದೂ ಆಗಿರಲಿಲ್ಲ. ಎಂಜಿನಿಯರ್ ಯೋಹಾನೆಸ್ ಯೂಲ್ ಅವರು 1957ರಲ್ಲಿ ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟ್ ಸಾಮರ್ಥ್ಯದ ಗಾಳಿಯಂತ್ರವೊಂದನ್ನು ನಿರ್ಮಿಸಿದ್ದರು. ಅಗ್ಗದ ತೈಲದ ಮುಂದೆ ಲಾಭದಾಯಕವಲ್ಲವೆಂದು 1967ರಲ್ಲಿ ಅದನ್ನು ನಿಲ್ಲಿಸಲಾಯಿತು. ಅದೃಷ್ಟವಶಾತ್ ಅದನ್ನು ಕಳಚಿ ಗುಜರಿಗೆ ಹಾಕಿರಲಿಲ್ಲ. ತೈಲ ಬಿಕ್ಕಟ್ಟಿನ ನಂತರ ಅದೇ ಯಂತ್ರವನ್ನು ದುರಸ್ತಿಗೊಳಿಸಿ, ಮರಳಿ ನಡೆಸಿ, ಅಳತೆಗಳನ್ನು ಪಡೆಯಲಾಯಿತು. ಮೂರು ರೆಕ್ಕೆಗಳ ಆ ವಿನ್ಯಾಸದಿಂದಲೇ ಮುಂದಿನ ಯಂತ್ರಗಳು ಬೆಳೆದವು. 1979ರಲ್ಲಿ ಗಾಳಿಯಂತ್ರ ಸ್ಥಾಪಿಸುವವರಿಗೆ ವೆಚ್ಚದ ಶೇ. 30ರಷ್ಟು ಸಹಾಯಧನವನ್ನು ಘೋಷಿಸಲಾಯಿತು. ರೈತರೂ ಊರಿನ ಸಹಕಾರ ಕೂಟಗಳೂ ಅದನ್ನು ಬಳಸಿಕೊಂಡವು. ಅದೇ ವರ್ಷದ ಶಾಖ ಪೂರೈಕೆ ಕಾಯಿದೆಯಿಂದಾಗಿ, ವಿದ್ಯುತ್ ಸ್ಥಾವರಗಳಲ್ಲಿ ವ್ಯರ್ಥವಾಗುತ್ತಿದ್ದ ಬಿಸಿಯನ್ನು ಕೊಳವೆಗಳ ಮೂಲಕ ಮನೆಗಳಿಗೆ ಒದಗಿಸುವ ವ್ಯವಸ್ಥೆ ವಿಸ್ತರಿಸಿತು.

ನಿಜವಾದ ಪರೀಕ್ಷೆ ಎದುರಾದದ್ದು 1986ರಲ್ಲಿ. ತೈಲದ ಬೆಲೆ ಸುಮಾರು ಅರ್ಧಕ್ಕೆ ಕುಸಿಯಿತು. ಅನೇಕ ದೇಶಗಳಲ್ಲಿ ಪರ್ಯಾಯ ಇಂಧನದ ಕಾರ್ಯಕ್ರಮಗಳು ಅಲ್ಲಿಗೇ ಮಂಕಾದವು. ಡೆನ್ಮಾರ್ಕ್ ಮಾತ್ರ ಇಂಧನದ ಮೇಲಿನ ತೆರಿಗೆಯನ್ನು ಏರಿಸಿ, ಗ್ರಾಹಕರು ತೆರುವ ಬೆಲೆಯು ಇಳಿಯದಂತೆ ನೋಡಿಕೊಂಡಿತು. ಇದು ಜನಪ್ರಿಯ ಕ್ರಮವಾಗಿರಲು ಸಾಧ್ಯವಿಲ್ಲ. ಆದರೆ ಇದಿಲ್ಲದೆ ಉಳಿದದ್ದೆಲ್ಲ ಕೈಬಿಟ್ಟುಹೋಗುತ್ತಿತ್ತೆಂದು ಹೇಳಬಹುದು. 1991ರಲ್ಲಿ ವಿಂಡೆಬಿ ಬಳಿ 11 ಯಂತ್ರಗಳ, ವಿಶ್ವದ ಮೊಟ್ಟಮೊದಲ ಕಡಲ ಪವನ ವಿದ್ಯುದಾಗಾರವು ಸ್ಥಾಪನೆಯಾಯಿತು. ಇಂದು ಆ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯದು.

ಭಾರತದ ಅನುಭವ

ಅದೇ ಬಿಕ್ಕಟ್ಟು ಭಾರತದ ವಿದೇಶಿ ವಿನಿಮಯದ ಮೇಲೂ ಭಾರೀ ಹೊರೆ ಹೊರಿಸಿತು. ನಮ್ಮಲ್ಲಿ ಕೈಗೆಟುಕುವಂತಿದ್ದುದು ಕಲ್ಲಿದ್ದಲು. 1972-73ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡಿದ್ದವು. 1975ರಲ್ಲಿ ಕೋಲ್ ಇಂಡಿಯಾ ಮತ್ತು ರಾಷ್ಟ್ರೀಯ ಶಾಖೋತ್ಪನ್ನ ವಿದ್ಯುತ್ ನಿಗಮಗಳು ಸ್ಥಾಪನೆಯಾದವು. ಪರ್ಯಾಯ ಮೂಲಗಳಿಗೆ ಆಡಳಿತದಲ್ಲಿ ಒಂದು ನೆಲೆ ದೊರೆತದ್ದು 1979ರ ಎರಡನೆಯ ತೈಲ ಆಘಾತದ ನಂತರ: 1981ರಲ್ಲಿ ಹೆಚ್ಚುವರಿ ಇಂಧನ ಮೂಲಗಳ ಆಯೋಗ, 1982ರಲ್ಲಿ ಪ್ರತ್ಯೇಕ ಇಲಾಖೆ, 1992ರಲ್ಲಿ ಸಚಿವಾಲಯ.

ಕರ್ನಾಟಕದ ಸ್ಥಿತಿ ಸ್ವಲ್ಪ ಭಿನ್ನ. ಬಹುಕಾಲ ನಮ್ಮ ವಿದ್ಯುತ್ ಬಂದದ್ದು ಶರಾವತಿಯಂತಹ ನದಿಗಳಿಂದ. ಆದ್ದರಿಂದ ಇಲ್ಲಿ ಇಂಧನ ಬಿಕ್ಕಟ್ಟೆಂದರೆ ಮುಖ್ಯವಾಗಿ ಮಳೆಯ ಅಭಾವ. ಇದಕ್ಕೆ ರಾಜ್ಯ ಕಂಡುಕೊಂಡ ಮೊದಲ ಉತ್ತರವೂ ಕಲ್ಲಿದ್ದಲೇ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು 1985ರಲ್ಲಿ ಕಾರ್ಯಾರಂಭ ಮಾಡಿತು. ರಾಜ್ಯದಲ್ಲಿ ಕಲ್ಲಿದ್ದಲು ಗಣಿಗಳಿಲ್ಲದ ಕಾರಣ ಅದು ಹೊರಗಿನಿಂದ ರೈಲಿನಲ್ಲಿ ಬರಬೇಕು. ಹೀಗಾಗಿ ಮಳೆಯ ಮೇಲಿನ ಅವಲಂಬನೆಯ ಜೊತೆಗೆ ರೈಲಿನ ಮೇಲಿನ ಅವಲಂಬನೆಯೂ ಸೇರಿಕೊಂಡಿತು.

1996ರಲ್ಲಿ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವು ಸ್ಥಾಪನೆಯಾಯಿತು. ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು. ನಗರಗಳಲ್ಲಿ, ಮುಂಜಾನೆ ಎಲ್ಲರೂ ಒಮ್ಮೆಲೇ ಗೀಸರ್ ಹಾಕುವುದರಿಂದ ಉಂಟಾಗುವ ಒತ್ತಡವನ್ನು ತಗ್ಗಿಸಲು ಸೋಲಾರ್ ವಾಟರ್ ಹೀಟರ್‌ಗಳಿಗೆ ವಿದ್ಯುತ್ ಬಿಲ್ಲಿನಲ್ಲಿ ರಿಯಾಯಿತಿ ನೀಡಲಾಯಿತು. ಬೆಂಗಳೂರಿನ ಮಾಳಿಗೆಗಳ ಮೇಲೆ ಕಾಣುವ ನೀರಿನ ಟ್ಯಾಂಕುಗಳು ಈ ಸಾಮಾನ್ಯ ಕ್ರಮದ ಫಲ. ದೊಡ್ಡ ಯೋಜನೆಗಳಷ್ಟು ಪ್ರಚಾರ ಇವಕ್ಕೆ ದೊರೆತಿಲ್ಲ.

ಪಾವಗಡ ತಾಲ್ಲೂಕಿನಲ್ಲಿ 2019ರ ಅಂತ್ಯಕ್ಕೆ ಪೂರ್ಣಗೊಂಡ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಪದೇ ಪದೇ ಬರಕ್ಕೆ ತುತ್ತಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ರೈತರ ಒಡೆತನವನ್ನು ಉಳಿಸಿ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವಾರ್ಷಿಕ 21,000 ರೂಪಾಯಿಯಿಂದ ಗುತ್ತಿಗೆ ಆರಂಭವಾಯಿತು. ಭೂಮಿಯಿಲ್ಲದೆ, ಆ ಹೊಲಗಳಲ್ಲಿ ಕೂಲಿಯನ್ನೇ ನಂಬಿದ್ದ ಕುಟುಂಬಗಳಿಗೆ ಮಾತ್ರ ಈ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ.

2023ರಲ್ಲಿ ಮುಂಗಾರು ವಿಫಲವಾಗಿ ಜಲಾಶಯಗಳು ತುಂಬಲಿಲ್ಲ. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರವು ವಿದ್ಯುಚ್ಛಕ್ತಿ ಕಾಯಿದೆ 2003ರ 11ನೇ ಪ್ರಕರಣದಡಿ, ಖಾಸಗಿ ಉತ್ಪಾದಕರು ವಿದ್ಯುತ್ತನ್ನು ರಾಜ್ಯಕ್ಕೇ ಒದಗಿಸುವಂತೆ ಆದೇಶಿಸಿತು. ಸೌರ ವಿದ್ಯುತ್ತು ಹಗಲಿನಲ್ಲಿ ಒದಗಿದಷ್ಟು ಹೊತ್ತು ಜಲಾಶಯದ ನೀರನ್ನು ಸಂಜೆಗೆಂದು ಉಳಿಸಿಕೊಳ್ಳಬಹುದು. ಆದರೆ ಉಳಿಸಲು ನೀರೇ ಇಲ್ಲದ ವರ್ಷದಲ್ಲಿ, ಸೂರ್ಯಾಸ್ತದ ನಂತರದ ಬೇಡಿಕೆಗೆ ಇಂದಿಗೂ ಹೆಚ್ಚಾಗಿ ಒದಗುವುದು ರೈಲಿನಲ್ಲಿ ಬರುವ ಕಲ್ಲಿದ್ದಲು.