ಎಂಥ ನೀರು? ಯಾವ ಬೋರಿಂಗು?



ಮಗನನ್ನು ಕರೆದು, "ಅಂಗಡಿಯಿಂದ ಮೆಣಸಿನಕಾಯಿ ತಗೊಂಡು ಬಾ" ಅನ್ನುತ್ತೀರಿ. ಅವನು ಏನು ಕೇಳುತ್ತಾನೆ? "ಎಂಥದ್ದವ್ವಾ? ಹಸೀದಾ, ಒಣಗಿದ್ದಾ?"

ಬರೀ ಮೆಣಸಿನಕಾಯಿ ಅಂದರೆ ಸಾಲದು. ಹಸಿ ಮೆಣಸಿನಕಾಯಿ ಅನ್ನಬೇಕು. ಇಲ್ಲವೇ ಒಣ ಮೆಣಸಿನಕಾಯಿ ಅನ್ನಬೇಕು.

'ಮೆಣಸಿನಕಾಯಿ' ಎಂಬುದು ವಸ್ತುವಿನ ಹೆಸರು. ಅದು ಎಂಥದ್ದು ಎಂದು ತಿಳಿಸುವ ಪದಗಳು 'ಹಸಿ', 'ಒಣ'. ಇಂಥ ಪದಕ್ಕೆ ಗುಣವಾಚಕ ಎಂದು ಹೆಸರು. ಹೆಸರು ಹೊಸದು ಇರಬಹುದು. ಆದರೆ ಈ ಪದಗಳನ್ನು ನಾವು ದಿನಾ ಆಡುತ್ತೇವೆ.

ಬಣ್ಣ: ಕೆಂಪು ಸೀರೆ, ಹಸಿರು ಬಳೆ
ಗಾತ್ರ: ದೊಡ್ಡ ಕೊಡ, ಚಿಕ್ಕ ಚೊಂಬು
ರುಚಿ: ಸಿಹಿ ನೀರು, ಸವುಳು ನೀರು

ಎಷ್ಟು ಎಂದು ಹೇಳುವ ಪದವೂ ಹೀಗೆಯೇ ಬರುತ್ತದೆ: ಎರಡು ಎಮ್ಮೆ, ಹತ್ತು ಮನೆ.

ಎಲ್ಲಿ ಬರೆಯಬೇಕು?

ಮೊದಲು ಗುಣ, ಆಮೇಲೆ ಹೆಸರು. ಆಗ ಗುಣವಾಚಕ ಬದಲಾಗುವುದಿಲ್ಲ.

ಒಳ್ಳೆಯ ಹುಡುಗ. ಒಳ್ಳೆಯ ಹುಡುಗಿ. ಒಳ್ಳೆಯ ಹಸು.

ವಾಕ್ಯದ ಕೊನೆಗೆ ಬಂದರೆ ಬದಲಾಗುತ್ತದೆ.

ಈ ಹುಡುಗ ಒಳ್ಳೆಯವನು. ಈ ಹುಡುಗಿ ಒಳ್ಳೆಯವಳು. ಈ ಹಸು ಒಳ್ಳೆಯದು.

ಅರ್ಜಿ ಬರೆಯೋಣ

ಒಂದು ಊರಿನಲ್ಲಿ 4 ಬೋರಿಂಗು ಇವೆ ಅನ್ನಿ. ಒಂದು ಕೆಟ್ಟಿತು. ಹೆಂಗಸರು ಪಂಚಾಯಿತಿಗೆ ಹೀಗೆ ಬರೆದರು:

"ನಮ್ಮ ಊರಿನ ಬೋರಿಂಗು ಕೆಟ್ಟಿದೆ. ರಿಪೇರಿ ಮಾಡಿಸಿ."

ಯಾವ ಬೋರಿಂಗು? ಓದಿದವರಿಗೆ ಗೊತ್ತಾಗುವುದಿಲ್ಲ. "ಉಳಿದ 3 ಇವೆಯಲ್ಲ" ಅಂದುಬಿಡಬಹುದು. ಈಗ ಇದನ್ನು ಓದಿ:

"ಹಳೆಯ ಶಾಲೆಯ ಹತ್ತಿರದ ಬೋರಿಂಗು ಕೆಟ್ಟು 15 ದಿನ ಆಯಿತು. ಸಿಹಿ ನೀರಿನ ಬೋರಿಂಗು ಇದೊಂದೇ. ಉಳಿದ 3 ಬೋರಿಂಗುಗಳಲ್ಲಿ ಸವುಳು ನೀರು ಬರುತ್ತದೆ. 40 ಮನೆಯವರು ಕೆರೆಯ ಕೊಳಕು ನೀರು ಕುಡಿಯುತ್ತಿದ್ದೇವೆ. ಚಿಕ್ಕ ಮಕ್ಕಳಿಗೆ ಭೇದಿ ಆಗುತ್ತಿದೆ. ಬೇಗ ರಿಪೇರಿ ಮಾಡಿಸಿ."

ಗುಣವಾಚಕ ತೆಗೆದು ನೋಡಿ. 'ಹಳೆಯ' ತೆಗೆದರೆ, ಯಾವ ಶಾಲೆ ಎಂದು ತಿಳಿಯದು. 'ಸಿಹಿ' ತೆಗೆದರೆ, ಈ ಬೋರಿಂಗೇ ಏಕೆ ಬೇಕು ಎಂದು ತಿಳಿಯದು. 'ಕೊಳಕು' ತೆಗೆದರೆ, "ಕೆರೆ ನೀರು ಸಿಗುತ್ತಿದೆಯಲ್ಲ" ಅನ್ನುತ್ತಾರೆ. ಒಂದೊಂದು ಪದವೂ ಒಂದೊಂದು ನೆಪವನ್ನು ತಡೆಯುತ್ತದೆ.

ಆದರೆ ಸುಮ್ಮನೆ ಪದ ತುಂಬಬಾರದು. "ನಮಗೆ ಬಹಳ ದೊಡ್ಡ ಕಷ್ಟ" ಎಂದು ಬರೆದರೆ ಎಷ್ಟು ದೊಡ್ಡದು ಎಂದು ಯಾರಿಗೂ ತಿಳಿಯದು. "40 ಮನೆ, 15 ದಿನ" ಎಂದರೆ ತಿಳಿಯುತ್ತದೆ. ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ಎಲ್ಲರೂ ಸಹಿ ಹಾಕಿ. ಅರ್ಜಿಯ ಒಂದು ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಅಭ್ಯಾಸ

ಬಿಟ್ಟ ಜಾಗದಲ್ಲಿ ಸರಿಯಾದ ಪದ ಬರೆಯಿರಿ.
(ಹರಿದ, ಕೊಳಕು, ಹೊಸ)

1. ______ ನೀರು ಕುಡಿಯಬಾರದು.
2. ______ ಸೀರೆಗೆ ಹೊಲಿಗೆ ಹಾಕಿದೆ.
3. ನಮ್ಮ ಓಣಿಗೆ ______ ದೀಪ ಬೇಕು.

ನಿಮ್ಮ ಓಣಿಯಲ್ಲಿ ಏನು ಕೆಟ್ಟಿದೆ? ಅದು ಎಲ್ಲಿದೆ, ಎಂಥದ್ದು, ಎಷ್ಟು ದಿನ ಆಯಿತು? ಎಲ್ಲರೂ ಕೂಡಿ ಮಾತಾಡಿ. 5 ವಾಕ್ಯಗಳ ಅರ್ಜಿ ಬರೆಯಿರಿ.