ನಿಮಗಿದು ಗೊತ್ತೆ? ಬದುಕಿದ ತಿಂಗಳಷ್ಟೇ ಅಲ್ಲ, ಬದುಕಿದ ಬಗೆಯೂ ಲೆಕ್ಕಕ್ಕೆ ಬರುತ್ತದೆ

ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಉಲ್ಬಣಿಸಿದರೆ ಊಟ, ಮಾತು, ನಾಲ್ಕು ಜನರೊಡನೆ ಬೆರೆಯುವುದು ಎಲ್ಲವೂ ಕಷ್ಟ. ಆದ್ದರಿಂದ ಔಷಧ ಆಯುಷ್ಯವನ್ನು ಎಷ್ಟು ಹಿಗ್ಗಿಸಿತು ಎಂಬುದರಷ್ಟೇ, ಆ ದಿನಗಳು ಹೇಗೆ ಕಳೆದವು ಎಂಬುದೂ ಮುಖ್ಯ. 2016ರಲ್ಲಿ ಪ್ರಕಟವಾದ ‘ಚೆಕ್‌ಮೇಟ್ 141’ ಅಧ್ಯಯನ ಎರಡನ್ನೂ ಅಳೆಯಿತು. ಪ್ಲಾಟಿನಂ ಕೀಮೋಥೆರಪಿಗೂ ಬಗ್ಗದ 361 ರೋಗಿಗಳಲ್ಲಿ ನಿವೊಲುಮ್ಯಾಬ್ ಇಮ್ಯುನೊಥೆರಪಿ ಪಡೆದವರ ಆಯುಷ್ಯದ ಮಧ್ಯಾಂಕ 7.5 ತಿಂಗಳು, ರೂಢಿಯ ಔಷಧ ಪಡೆದವರದು 5.1. ಅಂತರ ಸಣ್ಣದೇ. ಆದರೆ ತೀವ್ರ ಅಡ್ಡಪರಿಣಾಮ ಮೊದಲ ಗುಂಪಿನಲ್ಲಿ ಶೇ 13, ಎರಡನೆಯದರಲ್ಲಿ ಶೇ 35. ರೋಗಿಗಳೇ ತುಂಬಿದ ಪ್ರಶ್ನಾವಳಿಗಳಲ್ಲೂ ನಿವೊಲುಮ್ಯಾಬ್ ಗುಂಪಿನ ಸ್ಥಿತಿ ಬಹುಮಟ್ಟಿಗೆ ಇದ್ದಂತೆಯೇ ಉಳಿಯಿತು. ಇನ್ನೊಂದು ಗುಂಪಿನಲ್ಲಿ ನೋವು ಹೆಚ್ಚಿತು, ಜನರೊಡನೆ ಒಡನಾಟ ಕುಗ್ಗಿತು.

ಯಾವ ಔಷಧವೆಂದು ರೋಗಿಗೆ ಗೊತ್ತಿದ್ದರೆ ಉತ್ತರ ಅದರತ್ತ ವಾಲದೆ? ತೀರಾ ಬಳಲಿದವರು ಪ್ರಶ್ನಾವಳಿ ತುಂಬುವುದನ್ನೇ ಬಿಟ್ಟಿರಬಹುದಲ್ಲವೆ? ಎರಡೂ ನ್ಯಾಯವಾದ ಆಕ್ಷೇಪ. ಆದರೆ ವೈದ್ಯರು ದಾಖಲಿಸಿದ ಅಡ್ಡಪರಿಣಾಮಗಳೂ ಅದೇ ದಿಕ್ಕು ತೋರುವುದರಿಂದ ಫಲಿತಾಂಶವನ್ನು ತಳ್ಳಿಹಾಕಲಾಗದು. ಹಾಗೆಂದು ನಿವೊಲುಮ್ಯಾಬ್ ರಾಮಬಾಣವಲ್ಲ: ಗೆಡ್ಡೆ ಗಣನೀಯವಾಗಿ ಕುಗ್ಗಿದ್ದು ಶೇ 13ರಷ್ಟು ಮಂದಿಯಲ್ಲಿ ಮಾತ್ರ, ಥೈರಾಯ್ಡ್, ಶ್ವಾಸಕೋಶಗಳಿಗೆ ತೊಂದರೆಯಾಗುವುದೂ ಉಂಟು. ದುಬಾರಿ ಎಂಬ ಆಕ್ಷೇಪ ಇನ್ನೂ ದೊಡ್ಡದು. ಅದಕ್ಕೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನ ದಾರಿ ತೋರಿದೆ: ಮಾತ್ರೆಗಳ ಚಿಕಿತ್ಸೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ ನಿವೊಲುಮ್ಯಾಬ್ ಸೇರಿಸಿದಾಗ, ಒಂದು ವರ್ಷ ಬದುಕಿದವರ ಪ್ರಮಾಣ ಶೇ 16ರಿಂದ 43ಕ್ಕೆ ಏರಿತು. ಚಿಕಿತ್ಸೆ ಆರಿಸುವಾಗ ‘ಎಷ್ಟು ದಿನ’ ಎನ್ನುವುದರ ಜೊತೆಗೆ ‘ಹೇಗೆ’ ಎಂದೂ ವೈದ್ಯರನ್ನು ಕೇಳುವುದು ರೋಗಿಯ ಹಕ್ಕು.